ಓದದೆ ಬಿಟ್ಟ ಕರಾವಳಿ

ನನ್ನ ಗಂಡ ನನ್ನ ಮೇಲೆ ಮೊದಲು ಕೈ ಮಾಡಿದ್ದು ಹವಾಮಾನದ ಸುದ್ದಿಗಾಗಿ. ಸಾರಿಗೆ ಉಪ್ಪು ಹೆಚ್ಚಾಯಿತೆಂದು, ತವರಿನ ಮಾತೆತ್ತಿದಳೆಂದು ಏಟು ತಿನ್ನುತ್ತಿದ್ದ ಹೆಂಗಸರು ನಮ್ಮೂರಲ್ಲಿ ಮನೆಗೊಬ್ಬರಿದ್ದರು. ಆದರೆ ಮದ್ರಾಸಿನ ಕಡಲ ಮೇಲೆ ಎದ್ದ ಬಿರುಗಾಳಿ ನಮ್ಮ ಕಡೆ ಬಾರದೆ ಬೇರೆ ದಿಕ್ಕಿಗೆ ತಿರುಗಿಕೊಂಡಿತೆಂದು ಏಟು ತಿಂದವಳು ಇಡೀ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಇದನ್ನು ಹೇಳಿದರೆ ನನ್ನ ಮೊಮ್ಮಕ್ಕಳು ನಗುತ್ತಾರೆ. ನಗಲಿ. ಆಗ ನನಗೂ ಒಂದು ಗಳಿಗೆ ನಗು ಬಂದಿತ್ತು, ಎರಡನೆಯ ಏಟು ಬೀಳುವವರೆಗೆ.

ಯುದ್ಧ ಮುಗಿದು ಒಂದೆರಡು ವರ್ಷ ಕಳೆದಿದ್ದ ಕಾಲ ಅದು. ನಾನು ದೊಡ್ಡಬಳ್ಳಾಪುರದ ಮೇಷ್ಟರೊಬ್ಬರ ಮಗಳು, ಲೋಯರ್ ಸೆಕೆಂಡರಿವರೆಗೆ ಓದಿದವಳು. ಮದುವೆಯಾಗಿ ಬಂದದ್ದು ದೊಡ್ಡಬೆಳವಂಗಲದಿಂದ ಮೂರು ಮೈಲಿ ಒಳಗಿರುವ ಬೇಸಾಯಗಾರರ ಊರಿಗೆ. ಬಂದಾಗ ಮನೆ ಒಂದೇ ಆಗಿತ್ತು. ಅತ್ತೆ ತೀರಿಕೊಂಡ ಮೂರು ತಿಂಗಳಿಗೆ ನನ್ನ ಗಂಡನೂ ಅವನ ಅಣ್ಣನೂ ಪಾಲಾದರು. ನಡುಮನೆಯಲ್ಲಿ ಮಣ್ಣಿನ ಗೋಡೆ ಎದ್ದಿತು. ಅಟ್ಟ, ಕೊಟ್ಟಿಗೆ, ದನ, ನೇಗಿಲು ಎಲ್ಲ ಎರಡಾದವು. ಹಂಚಲಾಗದೆ ಉಳಿದದ್ದು ಮುಂದಿನ ಜಗಲಿ ಒಂದೇ. ಗಂಡನನ್ನು ಬಹುವಚನದಲ್ಲಿ ಕರೆಯಬೇಕೆಂದು ನನಗೂ ಗೊತ್ತು. ಅವನು ಬದುಕಿರುವವರೆಗೆ ಕರೆದೂ ಕರೆದೆ. ಇಲ್ಲಿ ಬರೆಯಲು ಕೈ ಬರುವುದಿಲ್ಲ.

ಜಮೀನು ಹಂಚಿದ ರೀತಿಯಲ್ಲೇ ಜಗಳವಿತ್ತು. ನಮ್ಮ ಕೆರೆ ಅರ್ಕಾವತಿ ಕಣಿವೆಯಲ್ಲಿ ಒಂದರ ಕೆಳಗೊಂದು ಇರುವ ಸಾಲು ಕೆರೆಗಳಲ್ಲಿ ಒಂದು. ಮೇಲಿನ ಕೆರೆ ತುಂಬಿ ಹರಿದದ್ದು ನಮಗೆ, ನಮ್ಮದು ತುಂಬಿ ಹರಿದದ್ದು ಕೆಳಗಿನ ಊರಿಗೆ. ಕೆರೆಯ ನೀರು ತಡೆಯುವ ಮಣ್ಣಿನ ಏರಿಯ ಕೆಳಗಿನ ಗದ್ದೆ ನನ್ನ ಗಂಡನ ಪಾಲಿಗೆ ಬಂತು. ಕೆರೆಯ ಹಿಂಭಾಗದಲ್ಲಿ, ನೀರು ಮುಗಿಯುವಲ್ಲಿ ಶುರುವಾಗುವ ರಾಗಿ ಹೊಲ ಭಾವನಿಗೆ ಹೋಯಿತು. ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಹೊರಗೆ ಹೋಗುವ ಕಲ್ಲಿನ ಕಟ್ಟೆಯನ್ನು ಕೋಡಿ ಎನ್ನುತ್ತೇವೆ. ಆ ಕೋಡಿಯ ಮೇಲೆ ಕಲ್ಲು, ಹೊಂಗೆ ಸೊಪ್ಪು, ಜೇಡಿಮಣ್ಣು ಒಟ್ಟಿ ಎರಡು ಮೊಳ ಎತ್ತರಿಸಿದರೆ ಕೆರೆಯಲ್ಲಿ ಅಷ್ಟು ಹೆಚ್ಚು ನೀರು ನಿಲ್ಲುತ್ತದೆ, ಬೇಸಿಗೆಯಲ್ಲಿ ಗದ್ದೆಗೆ ಭತ್ತ ಸಿಗುತ್ತದೆ. ಆದರೆ ಅದೇ ಎರಡು ಮೊಳ ನೀರು ಹಿಂದಕ್ಕೆ ಒತ್ತಿಕೊಂಡು ಹೋಗಿ ರಾಗಿ ಹೊಲಕ್ಕೆ ನುಗ್ಗುತ್ತದೆ. ತಮ್ಮ ಕೋಡಿ ಕಟ್ಟುತ್ತಿದ್ದ, ಅಣ್ಣ ಬಂದು ಕಿತ್ತು ಹಾಕುತ್ತಿದ್ದರು.

ಹಿಂಗಾರು ಮಳೆ ಶುರುವಾಗುವ ಹೊತ್ತಿಗೆ ಇಬ್ಬರ ಮೈಯಲ್ಲೂ ದೆವ್ವ ಹೊಕ್ಕಂತಾಗುತ್ತಿತ್ತು. ಭಾವ ಬೆಳಗ್ಗೆ ಎದ್ದು ನಂದಿಬೆಟ್ಟದ ಕಡೆ ನೋಡುತ್ತಿದ್ದರು. ಬೆಟ್ಟ ಮೋಡದ ಮುಸುಕು ಹಾಕಿಕೊಂಡಿದ್ದರೆ ದೊಡ್ಡ ಮಳೆ ಬರುತ್ತದೆ, ಕಟ್ಟು ಕಿತ್ತು ಕೋಡಿ ಬಿಡಿಸಬೇಕು ಎನ್ನುವುದು ಅವರ ವಾದ. ನನ್ನ ಗಂಡ ಗೋಡೆಯ ಬುಡದ ಇರುವೆ ನೋಡುತ್ತಿದ್ದ. ಇರುವೆ ಮೊಟ್ಟೆ ಹೊತ್ತು ಮೇಲಕ್ಕೆ ಹೋಗದಿದ್ದರೆ ಮಳೆ ಇಲ್ಲ, ಕೋಡಿ ಮುಟ್ಟಬಾರದು ಎನ್ನುತ್ತಿದ್ದ. ಬೆಟ್ಟ ದಿನಾ ಮುಸುಕು ಹಾಕುತ್ತಿತ್ತು, ಇರುವೆ ಯಾವತ್ತೂ ಮೇಲಕ್ಕೆ ಹೋಗುತ್ತಿರಲಿಲ್ಲ. ಒಂದು ಸಲ ಭಾವನ ತಲೆ ಒಡೆಯಿತು, ಇನ್ನೊಂದು ಸಲ ನನ್ನ ಗಂಡನ ಮುಂದಿನ ಎರಡು ಹಲ್ಲು ಕೆರೆ ಪಾಲಾದವು. ಅವರ ಮಧ್ಯೆ ಬಿಡಿಸಲು ಹೋದ ಪಕ್ಕದ ಮನೆಯವನಿಗೆ ಪಕ್ಕೆಲುಬು ಮುರಿಯಿತು.

ಕೊನೆಗೆ ಊರಿನ ಪಟೇಲರು ಅರಳಿಕಟ್ಟೆಗೆ ಇಬ್ಬರನ್ನೂ ಕರೆಸಿದರು. ಪಟೇಲರಿಗೆ ವಯಸ್ಸಾಗಿತ್ತು, ರುಜು ಹಾಕುವಷ್ಟು ಮಾತ್ರ ಅಕ್ಷರ ಬರುತ್ತಿತ್ತು, ಆದರೆ ತಲೆ ಗಟ್ಟಿ. ಅವರು ಹೇಳಿದ್ದು ಇಷ್ಟು. "ನಿನ್ನ ಬೆಟ್ಟನೂ ಬೇಡ, ಇವನ ಇರುವೆನೂ ಬೇಡ. ಪೇಪರ್ ಏನ್ ಹೇಳ್ತದೋ ಅದು. ಅದಕ್ಕೆ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ದೊಡ್ಡ ಮಳೆ ಐತೆ ಅಂದ್ರೆ ಇಬ್ರೂ ಸೇರಿ ಕೋಡಿ ಬಿಡಿಸ್ಬೇಕು. ಇಲ್ಲ ಅಂದ್ರೆ ಯಾರೂ ಮುಟ್ಟಕೂಡ್ದು. ಪೇಪರ್ ಮಾತು ಮೀರಿದೋನು ಮೂರು ಬೆಳೆ ತನ್ನ ಹೊಲ ಇನ್ನೊಬ್ಬನಿಗೆ ಬಿಟ್ಕೊಡ್ಬೇಕು." ಊರವರು ಹೌದೌದು ಅಂದರು. ಪೇಪರ್ ಓದುವವರು ಯಾರು ಎಂದು ಒಬ್ಬರು ಕೇಳಿದರು. ಶಾನುಭೋಗರು ಇದ್ದದ್ದು ದೊಡ್ಡಬೆಳವಂಗಲದಲ್ಲಿ. ಊರಲ್ಲಿ ಸರಾಗವಾಗಿ ಓದಲು ಬರುತ್ತಿದ್ದದ್ದು ನನಗೊಬ್ಬಳಿಗೇ.

ಹಾಗೆ ನಾನು ನ್ಯಾಯಾಧೀಶೆಯಾದೆ. ನಮ್ಮಪ್ಪ ದೊಡ್ಡಬಳ್ಳಾಪುರದಲ್ಲಿ ಪೇಪರ್ ತರಿಸುತ್ತಿದ್ದರು. ಅವರು ಓದಿ ಮುಗಿಸಿದ್ದನ್ನು ಮರುದಿನ ಇದ್ದಿಲಿನ ಹೊಗೆಯಿಂದ ಓಡುವ ಬಸ್ಸಿನಲ್ಲಿ ಕಳಿಸುತ್ತಿದ್ದರು. ಬಸ್ಸು ನಿಲ್ಲುವ ಕ್ರಾಸಿಗೆ ಅಣ್ಣತಮ್ಮ ಇಬ್ಬರೂ ಹೋಗುತ್ತಿದ್ದರು. ಒಬ್ಬನೇ ಹೋದರೆ ದಾರಿಯಲ್ಲಿ ಪೇಪರಿಗೆ ಏನಾದರೂ ಮಾಡಿಯಾನು ಎಂಬ ಅನುಮಾನ. ಓದಲು ಬಾರದ ಇಬ್ಬರು ಗಂಡಸರು, ನಡುವೆ ಹತ್ತು ಮಾರು ಬಿಟ್ಟು, ಒಂದು ಹಳೆಯ ಪೇಪರನ್ನು ಕಾವಲು ಕಾಯುತ್ತಾ ನಡೆದುಬರುವುದನ್ನು ನೋಡಿದರೆ ನನಗೂ ವಾರಗಿತ್ತಿಗೂ ನಗು ತಡೆಯಲಾಗುತ್ತಿರಲಿಲ್ಲ. ವಾರಗಿತ್ತಿಯೆಂದರೆ ಭಾವನ ಹೆಂಡತಿ. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಮನೆ ಪಾಲಾದರೂ ನಾವಿಬ್ಬರು ಪಾಲಾಗಿರಲಿಲ್ಲ. ಗೋಡೆಯ ಮೇಲಿಂದ ಸಾರಿನ ಬಟ್ಟಲು ಆಚೆ ಈಚೆ ಹೋಗುತ್ತಿತ್ತು. ನನ್ನ ಮೊದಲ ಬಸಿರು ಕಳೆದಾಗ ಏಳು ದಿನ ನನ್ನ ಮೈ ತೊಳೆದವಳು ಅವಳು.

ಓದುವುದಕ್ಕೂ ಒಂದು ಕ್ರಮವಿತ್ತು. ತಮ್ಮನ ಹೆಂಡತಿ ಭಾವನ ಎದುರು ನಿಲ್ಲುವ ಹಾಗಿಲ್ಲ, ಮಾತಾಡುವ ಹಾಗೂ ಇಲ್ಲ. ಆದ್ದರಿಂದ ನಾನು ಬಾಗಿಲ ಹಿಂದೆ ನಿಂತು ಓದುತ್ತಿದ್ದೆ. ಜಗಲಿಯ ಆ ತುದಿಗೆ ಭಾವ, ಈ ತುದಿಗೆ ನನ್ನ ಗಂಡ, ನಡುವೆ ಪಟೇಲರು. ಭಾವನಿಗೆ ಏನಾದರೂ ಕೇಳಬೇಕಿದ್ದರೆ ನನ್ನನ್ನು ಕೇಳುತ್ತಿರಲಿಲ್ಲ. ಕಂಬಕ್ಕೆ ಹೇಳಿದಂತೆ, "ಅದನ್ನ ಇನ್ನೊಂದ್ಸಲ ಓದಿದ್ರೆ ಚೆನ್ನಾಗಿರ್ತದೆ" ಅನ್ನುತ್ತಿದ್ದರು. ನಾನು ಇನ್ನೊಂದು ಸಲ ಓದುತ್ತಿದ್ದೆ. ಮೂರು ವರ್ಷ ಒಂದೇ ಸೂರಿನಡಿ ಇದ್ದೂ ನಾನು ಅವರ ಮುಖವನ್ನು ನೇರವಾಗಿ ನೋಡಿರಲಿಲ್ಲ. ಅವರ ಕಾಲು ಚೆನ್ನಾಗಿ ಗೊತ್ತಿತ್ತು, ಹಿಮ್ಮಡಿಯ ಬಿರುಕುಗಳ ಸಮೇತ.

ಪೇಪರಿನಲ್ಲಿ ಮೂರು ಭಾಗ ಮಾಡಿ ಬರೆಯುತ್ತಿದ್ದರು. ಕರಾವಳಿಗೆ ಒಂದು, ಬೆಟ್ಟದ ಸೀಮೆಗೆ ಒಂದು, ಒಳನಾಡಿನ ಬಯಲು ಕಣಿವೆಗಳಿಗೆ ಒಂದು. ನಮ್ಮವರು ಇದನ್ನು ತಮಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡರು. ಬೆಟ್ಟ ಅಂದರೆ ನಂದಿಬೆಟ್ಟ. ಕಣಿವೆ ಅಂದರೆ ನಮ್ಮ ಕೆರೆ ಇರುವ ಕಣಿವೆ. ಸರ್ಕಾರದವರು ನಮ್ಮೂರಿಗೆಂದೇ ಎರಡು ಸಾಲು ಬರೆಸುತ್ತಿದ್ದಾರೆ ಎಂಬ ಹೆಮ್ಮೆ ಬೇರೆ. ಕರಾವಳಿ ಮಾತ್ರ ಯಾರಿಗೂ ಬೇಡ. ಸಮುದ್ರ ನೋಡಿದವರು ಊರಲ್ಲಿ ಒಬ್ಬರೂ ಇರಲಿಲ್ಲ. ಪೇಪರ್ ಬರುವುದು ಒಂದು ದಿನ ತಡವಾಗಿ ಎಂಬುದನ್ನೂ ಅವರು ಲೆಕ್ಕಕ್ಕಿಡುತ್ತಿರಲಿಲ್ಲ. ನಾನು ಓದಿದ ದಿನವೇ ಪೇಪರಿನ ದಿನ. ಅದು ನಾಳೆ ಅಂದರೆ ಇವರಿಗೂ ನಾಳೆ.

ನನಗೆ ಗೊತ್ತಿತ್ತು. ನಮ್ಮಪ್ಪ ಶಾಲೆಯ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದ್ದರು. ಮುಂಗಾರು ಪಡುವಣದಿಂದ ಬರುತ್ತದೆ, ಹಿಂಗಾರು ಮೂಡಣ ಕಡಲಿನಿಂದ. ಮದ್ರಾಸಿನ ಕರಾವಳಿಯಲ್ಲಿ ಬಿರುಗಾಳಿ ಎದ್ದರೆ ಎರಡು ದಿನದಲ್ಲಿ ಅದರ ಬಾಲ ನಮ್ಮ ಮೇಲೆ ಬೀಳುತ್ತದೆ. ಹಾಗಾಗಿ ಮೊದಲ ವರ್ಷ ಸ್ವಾತಿ ಮಳೆಯ ಹೊತ್ತಿಗೆ ಪೇಪರಿನಲ್ಲಿ ಕರಾವಳಿಗೆ ಬಿರುಗಾಳಿ ಎಂದು ಬಂದಾಗ ನಾನು ಓದಿದ್ದಷ್ಟೇ ಅಲ್ಲ, ಬಾಗಿಲ ಹಿಂದಿನಿಂದ ವಿವರಿಸಿದೆ ಕೂಡ. ಕಲಿತ ಹುಡುಗಿಯ ಜಂಬ. ಪಟೇಲರು ತಲೆದೂಗಿದರು. ಕೋಡಿ ಬಿಡಿಸಿದರು. ಎರಡು ಮೊಳ ನೀರು ಕೆಳಗಿನೂರಿಗೆ ಹೋಯಿತು. ಬಿರುಗಾಳಿ ಬಡಗಣಕ್ಕೆ ತಿರುಗಿ ಎಲ್ಲಿಗೋ ಹೋಯಿತು. ನಮಗೆ ಒಂದು ಹನಿ ಬೀಳಲಿಲ್ಲ. ಬೇಸಿಗೆಯಲ್ಲಿ ಗದ್ದೆ ಬಾಯಿಬಿಟ್ಟುಕೊಂಡು, ಹೊಡೆ ಕಟ್ಟಿದ ಭತ್ತ ನಿಂತಲ್ಲೇ ಒಣಗಿತು. ರೇಷನ್ನಿನ ಕಾಲ, ಮನೆಯ ಭತ್ತ ಹೋದರೆ ಅಂಗಡಿಯ ನುಚ್ಚೇ ಗತಿ.

ಆ ಗದ್ದೆಯಿಂದ ಬಂದ ಮಧ್ಯಾಹ್ನ ಅವನು ನನ್ನನ್ನು ಎತ್ತಿನ ಹಗ್ಗದಲ್ಲಿ ಹೊಡೆದ. "ನಿನ್ನ ಯಾರು ಕರಾವಳಿ ಓದು ಅಂದೋರು? ಅದು ನಮ್ದಾ? ನಮ್ದಾ ಅದು?" ಪ್ರತಿ ಪ್ರಶ್ನೆಗೂ ಒಂದು ಏಟು. ಗೋಡೆಯ ಆಚೆ ಅಕ್ಕ ರಾಗಿ ಬೀಸುತ್ತಿದ್ದಳು. ಕಲ್ಲಿನ ಸದ್ದು ನಿಂತುಹೋಯಿತು. ಬೆನ್ನಿನ ಬಾಸುಂಡೆಗೆ ಅವಳೇ ಬೆಣ್ಣೆ ಹಚ್ಚಿದಳು. ಅದಾದ ಮೇಲೆ ಹೊಡೆಯುವುದು ಅವನಿಗೆ ರೂಢಿಯಾಯಿತು. ಒಂದು ಸಲ ಬಾಗಿದ ಬೆನ್ನು ನೋಡಿದವನಿಗೆ ಮತ್ತೆ ಕಾರಣ ಹುಡುಕುವ ಶ್ರಮವಿರಲಿಲ್ಲ.

ಮರುವರ್ಷ ವಿಶಾಖೆ ಮಳೆಯ ದಿನಗಳು. ಕೆರೆ ಕೋಡಿಯ ಕಟ್ಟಿನ ಅಂಚಿನವರೆಗೆ ತುಂಬಿತ್ತು. ರಾಗಿ ಆ ವರ್ಷ ಬಂದಂತೆ ಮತ್ತೆ ಬರಲಿಲ್ಲ. ಭಾವ ಮತ್ತು ಅಕ್ಕ ಎಂಟು ದಿನ ಬೆನ್ನು ನೆಟ್ಟಗೆ ಮಾಡದೆ ಕುಯ್ದು, ಹೊಲದ ತುಂಬ ಅರಿ ಹಾಕಿದ್ದರು. ಕುಯ್ದ ಪೈರನ್ನು ಒಣಗಲು ಸಾಲುಸಾಲಾಗಿ ನೆಲದ ಮೇಲೆ ಬಿಡುವುದಕ್ಕೆ ಹಾಗೆನ್ನುತ್ತೇವೆ. ಇನ್ನು ನಾಲ್ಕು ಬಿಸಿಲು ಬಿದ್ದರೆ ಕಂತೆ ಕಟ್ಟಿ ಮೆದೆ ಒಟ್ಟಬಹುದು. ಮಳೆ ಬರುವುದೆಂದು ಗೊತ್ತಾದರೆ ಹಸಿಯಾಗಿದ್ದರೂ ಎತ್ತಿಕೊಂಡು ದಿಣ್ಣೆಯ ಮೇಲಕ್ಕೆ ಸಾಗಿಸಬಹುದಿತ್ತು. ಊರವರು ಕೈ ಹಾಕಿದ್ದರೆ ಅರ್ಧ ದಿನ ಸಾಕಿತ್ತು ಅದಕ್ಕೆ. ಅವರ ವರ್ಷದ ಅನ್ನವೆಲ್ಲ ನಾನು ಓದುವ ಮಾತಿನ ಮೇಲೆ ನೆಲದಲ್ಲಿ ಮಲಗಿತ್ತು.

ಆ ಬೆಳಗ್ಗೆ ಪೇಪರ್ ತರಲು ಹೊರಡುವ ಮುಂಚೆ ನನ್ನ ಗಂಡ ಒಲೆಯ ಹತ್ತಿರ ಬಂದು ನಿಂತ. ಕೂಗಾಡಲಿಲ್ಲ. "ಬೆಟ್ಟ ಓದು, ಕಣಿವೆ ಓದು. ಸಮುದ್ರದ ವಿಷ್ಯ ಬಾಯಿ ಬಿಟ್ರೆ ಇವತ್ತು ಹಗ್ಗ ಅಲ್ಲ, ಹಾರೆ" ಅಂದ. ಹೇಳಿ ಕೈಯಲ್ಲಿದ್ದ ರಾಗಿ ರೊಟ್ಟಿ ಮುಗಿಸಿ ಹೋದ.

ಪೇಪರ್ ಬಂತು. ಬಾಗಿಲ ಹಿಂದೆ ನಿಂತು ಬಿಚ್ಚಿದೆ. ಮೊದಲ ಸಾಲೇ ಕರಾವಳಿ. ಮದ್ರಾಸಿನ ತೀರಕ್ಕೆ ಬಿರುಗಾಳಿ ಹತ್ತಿರವಾಗಿದೆ, ಮರುದಿನ ದಡ ದಾಟಬಹುದು, ಮೀನುಗಾರರು ಕಡಲಿಗಿಳಿಯಬಾರದು ಎಂಬ ಅರ್ಥದ ಮಾತು. ಪೇಪರಿನ ಮರುದಿನ ಅಂದರೆ ನಾನು ಓದುತ್ತಿದ್ದ ದಿನ. ಬೆಟ್ಟದ ಸೀಮೆಗೆ ಅಲ್ಲಲ್ಲಿ ಮಳೆ. ಒಳನಾಡಿಗೆ ಮೋಡ, ತುಂತುರು. ಬಾಗಿಲ ಸಂದಿಯಿಂದ ನನಗೆ ಭಾವನ ಕಾಲು ಕಾಣುತ್ತಿತ್ತು. ಹಿಮ್ಮಡಿಗೆ ರಾಗಿಯ ಹೊಟ್ಟು ಅಂಟಿತ್ತು.

ನಾನು ಬೆಟ್ಟ ಓದಿದೆ. ಕಣಿವೆ ಓದಿದೆ. ಎರಡನ್ನೂ ಅಕ್ಷರ ತಪ್ಪದೆ ಓದಿದೆ.

ಭಾವ ಕಂಬದ ಕಡೆ ತಿರುಗಿ, "ಬೆಟ್ಟ ನಿನ್ನೆಯಿಂದ ಮುಸುಕು ತೆಗೆದಿಲ್ಲ. ಇನ್ನೇನಾದ್ರೂ ಐತಾ ಅಂತ ನೋಡಿದ್ರೆ ಚೆನ್ನಾಗಿರ್ತದೆ" ಅಂದರು. ನಾನು ಪೇಪರ್ ಮಡಿಸಿದೆ. "ಅಷ್ಟೇ ಇರೋದು" ಅಂದೆ. ಹೋದ ವರ್ಷ ತಿರುಗಿಕೊಂಡು ಹೋದ ಗಾಳಿ ಈ ವರ್ಷವೂ ಹೋದೀತು ಎಂದು ನನಗೆ ನಾನೇ ಹೇಳಿಕೊಂಡೆ. ಹೆದರಿಕೆಯಿಂದ ಸುಳ್ಳಾಡಿದೆ ಎಂದರೆ ಅರ್ಧ ನಿಜ. ಇನ್ನರ್ಧವೆಂದರೆ, ಗಂಡ ಅವತ್ತು ಜಗಲಿಯಿಂದ ಎದ್ದು ಒಳಗೆ ಬಂದು ನನ್ನ ಮುಖ ನೋಡಿ ನಕ್ಕ. ಮದುವೆಯಾದ ಮೇಲೆ ಅವನು ನನ್ನನ್ನು ನೋಡಿ ಹಾಗೆ ನಕ್ಕದ್ದು ಅದೇ ಮೊದಲು. ನನಗೆ ಹಿತವಾಯಿತು, ಹೊರಗೆ ಹೋಗಿ ಮಾತು ತಿದ್ದಲಿಲ್ಲ. ಇದನ್ನು ಬರೆಯಲು ನನಗೆ ಇಷ್ಟು ವರ್ಷ ಹಿಡಿಯಿತು.

ಮಧ್ಯಾಹ್ನದ ಊಟದ ಹೊತ್ತಿಗೆ ಗಾಳಿ ನಿಂತುಹೋಯಿತು. ಕಾಗೆಗಳು ಹುಣಸೆ ಮರ ಬಿಟ್ಟು ನೆಲಕ್ಕಿಳಿದು ಕೂತವು. ಮೂಡಣದ ಕಡೆಯಿಂದ ಏನೋ ಉರುಳಿಕೊಂಡು ಬರುವ ಸದ್ದು ಬಂತು, ಗುಡುಗಲ್ಲ, ನಿಲ್ಲದ ಸದ್ದು. ಆಮೇಲೆ ಒಮ್ಮೆಗೇ ಬಡಿಯಿತು. ಮಳೆ ಮೇಲಿಂದ ಬೀಳಲಿಲ್ಲ, ಅಡ್ಡಕ್ಕೆ ಹೊಡೆಯಿತು. ಎದುರುಮನೆಯ ಹುಲ್ಲಿನ ಸೂರು ಇಡಿಯಾಗಿ ಎದ್ದು ನಮ್ಮ ತಿಪ್ಪೆಯ ಮೇಲೆ ಬಿತ್ತು. ಅರಳಿಕಟ್ಟೆಯ ಪಕ್ಕದ ಹೊಂಗೆ ಮರ ಬುಡಸಮೇತ ಉರುಳಿ, ಕೆಳಗೆ ಕಟ್ಟಿದ್ದ ಎರಡು ಎಮ್ಮೆಗಳ ಬೆನ್ನು ಮುರಿಯಿತು. ಅವುಗಳ ಕೂಗು ಮಳೆಯ ಸದ್ದನ್ನೂ ಮೀರಿ ಕೇಳುತ್ತಿತ್ತು. ಕುರಿ ಹಟ್ಟಿಯ ಗೋಡೆ ಕುಸಿದು ಮರಿಗಳು ಮಣ್ಣಿನಡಿ ಸೇರಿದವು.

ಅಕ್ಕ ಹುಚ್ಚಿಯ ಹಾಗೆ ಹೊಲಕ್ಕೆ ಓಡಿದ್ದಳು. ನಾನು ಹಿಂದೆಯೇ ಓಡಿದೆ. ನಾವು ಹೋಗುವಷ್ಟರಲ್ಲಿ ಕೆರೆಯ ನೀರು ಹಿಂದಕ್ಕೆ ಬಂದು ಅರಿಗಳ ಅಡಿಗೆ ಸೇರಿತ್ತು. ಕುಯ್ದ ರಾಗಿ ಸಾಲುಸಾಲಾಗಿಯೇ ತೇಲಿತು, ಆಮೇಲೆ ಸಾಲು ತಿರುಚಿಕೊಂಡು ನಡುಗೆರೆಗೆ ಹೊರಟಿತು. ಅಕ್ಕ ಎದೆಮಟ್ಟದ ನೀರಿಗಿಳಿದು ತೆಕ್ಕೆತೆಕ್ಕೆಯಾಗಿ ಬಾಚಿ ದಡಕ್ಕೆ ಎಸೆಯುತ್ತಿದ್ದಳು. ಎಸೆದದ್ದನ್ನು ಗಾಳಿ ಮತ್ತೆ ನೀರಿಗೇ ತಳ್ಳುತ್ತಿತ್ತು. "ಹಿಡ್ಕೊಳೇ, ಹಿಡ್ಕೊಳೇ" ಎಂದು ನನಗೆ ಕೂಗಿದಳು. ನಾನು ಹಿಡಿದೆ. ತೆನೆ ಕೈಯಲ್ಲೇ ಉದುರಿ ಬೆರಳ ಸಂದಿಯಿಂದ ಕಾಳು ಸೋರಿ ಹೋಯಿತು. ಅವಳನ್ನು ಜಡೆ ಹಿಡಿದು ಎಳೆದು ಮೇಲೆ ತರಬೇಕಾಯಿತು. ಅವಳು ನನ್ನ ಕೈ ಕಚ್ಚಿದಳು.

ಅಷ್ಟರಲ್ಲಿ ಏರಿಯ ಮೇಲೆ ಬೊಬ್ಬೆ. ಏರಿಯ ನಡುವೆ ಬಿರುಕು ಬಿಟ್ಟು, ಕೆಳಗಿನ ಮಗ್ಗುಲಿಂದ ಕೆಸರು ನೀರು ಜಿನುಗುತ್ತಿತ್ತು. ಊರಿನ ಗಂಡಸರು ಹೆಂಗಸರೆಲ್ಲ ಮಂಕರಿಯಲ್ಲಿ ಮಣ್ಣು ಹೊತ್ತು ಸುರಿಯುತ್ತಿದ್ದರು. ಏರಿ ಒಡೆದರೆ ಮೊದಲು ಹೋಗುವುದು ಗದ್ದೆ, ಆಮೇಲೆ ತಗ್ಗಿನ ಕೇರಿಯ ಮನೆಗಳು. ಏರಿ ಉಳಿಯಬೇಕಾದರೆ ಕೋಡಿಯ ಮೇಲಿನ ಕಟ್ಟು ಕೀಳಲೇಬೇಕು. ಎಲ್ಲರಿಗೂ ಗೊತ್ತಿತ್ತು. ಆದರೂ ಯಾರೂ ಹೋಗಲಿಲ್ಲ. ಪೇಪರ್ ಹೇಳಿರಲಿಲ್ಲವಲ್ಲ. ಮುಟ್ಟಿದವನು ತಪ್ಪಿತಸ್ಥ, ಅವನ ಹೊಲ ಮೂರು ಬೆಳೆ ಹೋದಂತೆ. ನೀರು ಕುತ್ತಿಗೆಗೆ ಬಂದಾಗಲೂ ನಮ್ಮ ಜನ ಪಂಚಾಯಿತಿಯ ಮಾತನ್ನೇ ನೆನೆಯುತ್ತಾ ನಿಂತಿದ್ದರು. ಇದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಅವರ ಮೇಲೆ ಸಿಟ್ಟಾಗುವ ಹಕ್ಕು ನನಗಿಲ್ಲ ಎಂಬುದೂ ಗೊತ್ತು.

ಭಾವ ಹಾರೆ ಹಿಡಿದು ಕೋಡಿಗೆ ಹತ್ತಿದರು. ನನ್ನ ಗಂಡ ಅಲ್ಲಿ ಆಗಲೇ ಗುದ್ದಲಿ ಹಿಡಿದು ಕಾವಲು ನಿಂತಿದ್ದ.

"ಪೇಪರ್ ಹೇಳಿಲ್ಲ ಕಣಣ್ಣ. ಮುಟ್ಬೇಡ."

"ಏರಿ ಸೀಳ್ತಾ ಐತೆ ಕಣ್ಲಾ. ನನ್ನ ರಾಗಿ ಹೋಯ್ತು, ಅದರ ಮಾತಿಲ್ಲ. ಈಗ ಹೋಗೋದು ನಿನ್ನ ಗದ್ದೆ. ಕಣ್ಬಿಟ್ಟು ನೋಡು."

"ಮುಟ್ಟಿದ್ರೆ ಕೈ ಕಡೀತೀನಿ."

ಭಾವ ಹಾರೆ ಹಾಕಿ ಮೊದಲ ಕಲ್ಲು ಮೀಟಿದರು. ನಾನು ಇಪ್ಪತ್ತು ಮಾರು ದೂರದಲ್ಲಿ, ತಲೆಯ ಮೇಲೆ ಮಣ್ಣಿನ ಮಂಕರಿ ಹೊತ್ತು ನಿಂತಿದ್ದೆ. ಪೇಪರಿನಲ್ಲಿತ್ತು, ನಾನೇ ಓದಲಿಲ್ಲ ಎಂದು ಕೂಗಿದೆ ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಗಾಳಿಗೆ ಕೇಳಿಸಲಿಲ್ಲ ಎಂದೂ ಸೇರಿಸಿಕೊಂಡಿದ್ದೇನೆ. ನಿಜವಾಗಿ ಬಾಯಿ ತೆರೆದೆನೋ ಇಲ್ಲವೋ ದೇವರಾಣೆ ನನಗೆ ಗೊತ್ತಿಲ್ಲ. ಗುದ್ದಲಿ ಮೇಲೆ ಹೋದದ್ದು ಕಂಡಿತು. ಭಾವನ ಬಲಗೈ ಕಲ್ಲಿನ ಮೇಲಿತ್ತು. ಗುದ್ದಲಿಯ ಹಿಂಬದಿ ಕೈಯ ಮೇಲೆ ಬಿತ್ತು, ಒಂದು ಸಲ, ಇನ್ನೊಂದು ಸಲ.

ಭಾವ ಜಜ್ಜಿದ ಕೈಯನ್ನು ಎದೆಗೆ ಒತ್ತಿಕೊಂಡು, ಭುಜ ಕೊಟ್ಟು ಕಲ್ಲನ್ನು ತಳ್ಳಿದರು. ಕಲ್ಲು ಉರುಳಿತು. ರಕ್ತ ನೋಡಿದ ಮೇಲೆ ಜನಕ್ಕೆ ಬುದ್ಧಿ ಬಂದು ನಾಲ್ಕಾರು ಮಂದಿ ಓಡಿಹೋಗಿ ನನ್ನ ಗಂಡನನ್ನು ಕೆಡವಿ ಮೇಲೆ ಕೂತರು, ಉಳಿದವರು ಕಟ್ಟು ಕಿತ್ತರು. ಎರಡು ಮೊಳ ನೀರು ಗರ್ಜಿಸಿಕೊಂಡು ಹಳ್ಳಕ್ಕೆ ಧುಮುಕಿತು. ಹೊತ್ತು ಮುಳುಗುವ ಮುಂಚೆ ಏರಿಯ ಜಿನುಗು ನಿಂತಿತು. ನಮ್ಮ ಗದ್ದೆ ಉಳಿಯಿತು. ಆ ಸಂಜೆ ಹಸಿ ಸೌದೆ ಹತ್ತಿಕೊಳ್ಳುತ್ತಿಲ್ಲವೆಂದು ನನ್ನ ಗಂಡ ಒಲೆಗೆ ಪೇಪರ್ ತುರುಕಿ ಹಚ್ಚಿದ. ಅವತ್ತಿನದನ್ನೇ ಆರಿಸಿ ತಂದಿದ್ದ.

ಮೂಳೆ ಕಟ್ಟುವವನು ಬಂದು ಬಿದಿರ ದಬ್ಬೆ ಇಟ್ಟು ಕಟ್ಟಿದ. ಆರನೆಯ ದಿನಕ್ಕೆ ಬೆರಳು ಕಪ್ಪಾಗಿ ವಾಸನೆ ಶುರುವಾಯಿತು. ಗಾಡಿಯಲ್ಲಿ ದೊಡ್ಡಬಳ್ಳಾಪುರಕ್ಕೆ ಕರೆದೊಯ್ದರು. ಡಾಕ್ಟರು ಜೀವ ಉಳಿಸಲು ಬಲಗೈಯನ್ನು ಮಣಿಕಟ್ಟಿನಿಂದ ತೆಗೆದರು. ಭಾವ ವಾಪಸು ಬಂದು ಗಾಡಿಯಿಂದ ಇಳಿದಾಗ ಬಿಳಿ ಬಟ್ಟೆ ಸುತ್ತಿದ ಮೊಂಡುಗೈ ನೋಡಿ ಊರಿನ ಹೆಂಗಸರು ಅತ್ತರು. ಅಕ್ಕ ಅಳಲಿಲ್ಲ. ಎಡಗೈಯಲ್ಲಿ ಉಣ್ಣುವುದು ಸಾವಿಗಿಂತ ಕಡೆ ಎನ್ನುವ ಗಂಡಸು ಅವರು. ಮೊದಲ ದಿನ ತಟ್ಟೆ ಮುಂದಿಟ್ಟಾಗ ಸುಮ್ಮನೆ ಕೂತಿದ್ದರಂತೆ. ಅಕ್ಕ ಮುದ್ದೆ ಮುರಿದು ಸಾರಿಗದ್ದಿ ಬಾಯಿಗಿಟ್ಟಳಂತೆ.

ಗಾಯ ಒಣಗುತ್ತಾ ಬಂದ ಮೇಲೆ ಪಂಚಾಯಿತಿ ಸೇರಿತು. ನನ್ನ ಗಂಡ ಎದೆಯುಬ್ಬಿಸಿಕೊಂಡು ನಿಂತಿದ್ದ. ಪೇಪರ್ ಮಾತು ಮೀರಿ ಕೋಡಿ ಮುಟ್ಟಿದ್ದು ಅಣ್ಣ, ತಾನು ಪಂಚಾಯಿತಿಯ ಮಾತನ್ನು ಕಾಯ್ದವನು ಎಂದು ಹೇಳಿದ. ಪಟೇಲರು ತಲೆ ತಗ್ಗಿಸಿ ಕೂತಿದ್ದರು. ಅವರೇ ಮಾಡಿದ ಕಟ್ಟಳೆ, ಅವರೇ ಅಲ್ಲಗಳೆಯುವುದು ಹೇಗೆ. ಭಾವನ ಹೊಲ ಹೋಗುತ್ತದೆ ಎಂಬುದು ಎಲ್ಲರ ಮುಖದಲ್ಲಿ ಬರೆದಿತ್ತು. ಕೈ ಹೋದವನ ಹೊಲ.

ಹೆಂಗಸರು ಗೋಡೆಯ ಮರೆಯಲ್ಲಿ ನಿಂತು ಕೇಳುವುದು ವಾಡಿಕೆ. ನಾನು ಮರೆ ಬಿಟ್ಟು ಕಟ್ಟೆಯ ಮುಂದೆ ಬಂದು ನಿಂತೆ.

"ನಾನು ಪೂರ್ತಿ ಓದ್ಲಿಲ್ಲ. ಕರಾವಳಿ ಬಿಟ್ಟೆ. ಅದ್ರಲ್ಲಿ ಬಿರುಗಾಳಿ ಅಂತಿತ್ತು."

ಗಂಡ ನನ್ನ ಕಡೆ ಎರಡು ಹೆಜ್ಜೆ ಇಟ್ಟ. ಯಾರೋ ಅವನ ತೋಳು ಹಿಡಿದರು. ಪಟೇಲರು ಪೇಪರ್ ಎಲ್ಲಿ ಎಂದು ಕೇಳಿದರು. ಒಲೆಗೆ ಹೋಯಿತು ಅಂದೆ. ಆ ದಿನದ ಪೇಪರ್ ದೊಡ್ಡಬಳ್ಳಾಪುರದಲ್ಲಿ ಇನ್ನೂ ಹಲವರ ಮನೆಯಲ್ಲಿರುತ್ತದೆ, ನಮ್ಮಪ್ಪನಿಗೆ ಹೇಳಿ ತರಿಸಿ, ಶಾನುಭೋಗರಿಂದ ಓದಿಸಿ ಅಂದೆ. ಪಟೇಲರು ಯಾರನ್ನು ಕಳಿಸಲಿ ಎಂದು ಸುತ್ತ ನೋಡಿದರು. ಆಗ ಭಾವ ಎದ್ದರು.

"ಯಾರೂ ಎಲ್ಗೂ ಹೋಗೋದ್ ಬ್ಯಾಡ" ಅಂದರು. ಕಣ್ಣು ನೆಲದ ಮೇಲೇ ಇತ್ತು. "ಆ ಮಗು ನನ್ನ ಕೈ ನೋಡಿ ಮರುಕಕ್ಕೆ ಹಂಗಂತೈತೆ. ಪೇಪರಲ್ಲಿ ಇರ್ಲಿಲ್ಲ. ಅವತ್ತು ಓದಿದ್ದೇ ಸರಿ. ತಪ್ಪಿದೋನು ನಾನು, ಹೊಲ ಬಿಟ್ಕೊಡ್ತೀನಿ."

ನಾನು ಇಲ್ಲ ಇಲ್ಲ ಎಂದು ಕಿರುಚಿದೆ. ಯಾರಿಗೂ ಅದು ಬೇಕಿರಲಿಲ್ಲ. ತಪ್ಪಿತಸ್ಥನೇ ಒಪ್ಪಿಕೊಂಡ ಮೇಲೆ ಇನ್ನೇನು. ಜನ ಕೊಡವಿಕೊಂಡು ಎದ್ದರು. ಅವರಿಗೆಲ್ಲ ನಿರಾಳವಾದದ್ದು ಕಣ್ಣಾರೆ ಕಂಡೆ.

ಮನೆಗೆ ಬಂದ ಗಂಡ ನನ್ನ ಜಡೆಗೆ ಕೈ ಹಾಕಿದ. ಗೋಡೆಯ ಆಚೆಯಿಂದ ಭಾವನ ದನಿ ಬಂತು. ಸಿಟ್ಟಿರಲಿಲ್ಲ ಅದರಲ್ಲಿ. ದನಕ್ಕೆ ಹುಲ್ಲು ಹಾಕಲು ಹೇಳುವ ಹಾಗೆ ಹೇಳಿದರು.

"ನೋಡ್ಲಾ. ಆ ಮಗು ಮೈಮೇಲೆ ಒಂದೇಟು ಬಿದ್ದ ಸದ್ದು ಈ ಕಡೆ ಕೇಳಿಸ್ತು ಅಂದ್ರೆ ನಾನೇ ದೊಡ್ಡಬಳ್ಳಾಪುರಕ್ಕೆ ಹೋಗಿ ಆ ಪೇಪರ್ ತರ್ತೀನಿ. ಈ ಕೈ ಪೋಲೀಸ್ ದಾರೋಗನಿಗೆ ತೋರಿಸ್ತೀನಿ. ಹೊಲ ಮಡಿಕ್ಕೋ, ಉಣ್ಣು. ಅವಳನ್ನ ಮುಟ್ಬೇಡ."

ಜಡೆ ಹಿಡಿದ ಕೈ ಸಡಿಲಾಯಿತು. ಆಮೇಲೆ ಸಾಯುವವರೆಗೆ ಅವನು ನನ್ನನ್ನು ಹೊಡೆಯಲಿಲ್ಲ. ಮೂರು ಬೆಳೆ ರಾಗಿ ಆ ಹೊಲದಿಂದ ನಮ್ಮ ಮನೆಗೇ ಬಂತು. ನಾನು ಅದನ್ನು ಬೀಸಿದೆ, ಮುದ್ದೆ ತೊಳಸಿದೆ, ಉಂಡೆ. ಉಣ್ಣದೆ ಇದ್ದೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು, ಆದರೆ ಹಸಿವು ಹಾಗೆ ಕೇಳುವುದಿಲ್ಲ.

ಪಂಚಾಯಿತಿಯ ಮರುದಿನ ಬೆಳಗ್ಗೆ ನಾನು ಜಗಲಿ ದಾಟಿ ಆಚೆ ಮನೆಯ ಹಿತ್ತಲಿಗೆ ಹೋದೆ. ಅಕ್ಕ ಹಿತ್ತಲ ಬಾಗಿಲಲ್ಲಿ ತಟ್ಟೆ ತೊಳೆಯುತ್ತಿದ್ದಳು. ನಾನು ಅವಳ ಕಾಲು ಹಿಡಿದೆ. ಅವಳು ಬಿಡಿಸಿಕೊಳ್ಳಲಿಲ್ಲ, ಎತ್ತಲೂ ಇಲ್ಲ. ಕೈಯಲ್ಲಿದ್ದ ತಟ್ಟೆಯಿಂದ ನೀರು ನನ್ನ ತಲೆಯ ಮೇಲೆ ತೊಟ್ಟಿಕ್ಕುತ್ತಿತ್ತು.

"ಭಾವ ನನ್ನ ಕ್ಷಮಿಸ್ಬಿಟ್ರು, ಅಕ್ಕ" ಅಂದೆ.

"ಗೊತ್ತು" ಅಂದಳು. "ದಿನಾ ಮೂರು ಹೊತ್ತು ಅವರ ಬಾಯಿಗೆ ತುತ್ತಿಡೋಳು ನಾನು. ಕ್ಷಮಿಸೋಕೆ ಅವರ್ಯಾರು?"

ಒಳಗೆ ಭಾವ ಊಟಕ್ಕೆ ಕೂತು ಕಾಯುತ್ತಿದ್ದರು. ಅವಳು ತಟ್ಟೆ ಒರೆಸಿಕೊಂಡು ಒಳಗೆ ಹೋದಳು.